ಎರವಲು ತಂದ ನರ

ಬೆಳಗಿನ ಆರಕ್ಕೆ ಚಿತ್ರದುರ್ಗದ ಆ ಮೆಡಿಕಲ್ ಕಾಲೇಜಿನಲ್ಲಿ ಎದ್ದು ಓಡಾಡುವವರು ವಾಚ್‌ಮನ್ ಮತ್ತು ದುರುಗಕ್ಕ ಇಬ್ಬರೇ. ಹೆಣ ಕೊಯ್ದು ಕಲಿಯುವ ಹಾಲ್‌ನ ಬಾಗಿಲು ತೆಗೆದರೆ ಸಾಕು, ಹೆಣ ಕೆಡದಂತೆ ಹಾಕಿದ ಫಾರ್ಮಾಲಿನ್ ಮೂಗಿಗಿಂತ ಮೊದಲು ಕಣ್ಣಿಗೆ ಹೊಡೆಯುತ್ತದೆ. ದುರುಗಕ್ಕ ಕಿಟಕಿಗಳನ್ನು ತೆರೆದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ದೇಹಗಳ ಮೇಲೆ ಹೊದಿಸಿದ ಬಟ್ಟೆಯನ್ನು ಒಂದೊಂದಾಗಿ ಮತ್ತೆ ಒದ್ದೆ ಮಾಡುತ್ತಾರೆ.

"ಒಣಗಿದ್ರೆ ಚರ್ಮ ಚಕ್ಕಳ ಆಗ್ತೈತ್ರಿ. ಆಮೇಲೆ ಹುಡುಗ್ರಿಗೆ ಒಳಗಿಂದು ಏನೂ ಕಾಣಲ್ಲ" ಎನ್ನುತ್ತಾರೆ.

ಪ್ರತಿ ಮೇಜಿನ ಕೆಳಗೂ ಮುಚ್ಚಳದ ಬಕೆಟ್ ಇದೆ. ಕೊಯ್ದು ತೆಗೆದದ್ದು ಚೂರು ಕೊಬ್ಬಾದರೂ ಆಯಾ ಮೇಜಿನ ಬಕೆಟ್ಟಿಗೇ ಬೀಳಬೇಕು. ವರ್ಷದ ಕೊನೆಗೆ ಮಣ್ಣು ಮಾಡುವಾಗ ಒಬ್ಬರದೆಲ್ಲ ಒಟ್ಟಿಗೇ ಹೋಗಬೇಕು ಎಂಬುದು ದುರುಗಕ್ಕನ ಹಠ. ಪಕ್ಕದ ಬಕೆಟ್ಟಿಗೆ ಎಸೆದ ಭಾವೀ ಡಾಕ್ಟರಿಗೆ ಅವತ್ತು ಬೈಗುಳ ಗ್ಯಾರಂಟಿ.

ಹೊಳಲ್ಕೆರೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ಇವರು ಮೊದಲು ಇಲ್ಲಿ ಕಸ ಗುಡಿಸುತ್ತಿದ್ದರು. ಹಾಲ್‌ನ ಕೆಲಸಕ್ಕೆ ಯಾರೂ ನಿಲ್ಲದಿದ್ದಾಗ ಇವರನ್ನು ಕೇಳಿದರು. ಗಂಡ ಹಮಾಲಿ ಮಾಡಿ ಸೊಂಟ ಕೆಡಿಸಿಕೊಂಡು ಮನೆಯಲ್ಲಿ ಕೂತಿದ್ದ ಕಾಲ, ಒಲ್ಲೆ ಎನ್ನುವ ಹಾಗಿರಲಿಲ್ಲ. ಮೊದಲ ವಾರ ವಾಸನೆಗೆ ಊಟದ ಡಬ್ಬಿ ತೆರೆಯದೆ ಮನೆಗೆ ಒಯ್ದರು. ಆ ವಾಸನೆ ಈಗ ಅಭ್ಯಾಸವಾಗಿದೆ. ಆದರೆ ಹೆಣ ಮುಟ್ಟುವ ಕೈಯೆಂದು ಕೇರಿಯವರು ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ. ಅದು ಇವತ್ತಿಗೂ ಅವರಿಗೆ ನೋವು.

ಈ ವರ್ಷ ಮೂರನೇ ಮೇಜಿನ ಮೇಲಿರುವವರು ಮಾಡದಕೆರೆಯ ಮರುಳಸಿದ್ದಪ್ಪ. ಬದುಕಿದ್ದಾಗಲೇ ದೇಹದಾನಕ್ಕೆ ಒಪ್ಪಿ ಸಹಿ ಹಾಕಿದ್ದ ರೈತ. ಅವರದು ಸತ್ತವರನ್ನು ಸುಡದೆ ಮಣ್ಣು ಮಾಡುವ ಮನೆತನ. ಗಂಡನ ದೇಹದ ಜೊತೆ ಬಂದ ಅನ್ನಪೂರ್ಣಮ್ಮ ಪ್ರೊಫೆಸರುಗಳನ್ನೆಲ್ಲ ಬಿಟ್ಟು ದುರುಗಕ್ಕನ ಕೈ ಹಿಡಿದು ಹೇಳಿದ್ದರು: "ಚೂರುಪಾರು ಎಲ್ಲೆಲ್ಲೋ ಹೋಗ್ಬಾರ್ದು ಕಣಮ್ಮ."

"ಎಲ್ಲಾ ಒಂದೇ ಗುಂಡಿಗೆ. ಇದು ನನ್ನ ಮಾತು" ಎಂದಿದ್ದರು ದುರುಗಕ್ಕ.

ಆ ಮಾತಿಗೆ ಪರೀಕ್ಷೆ ಬಂದದ್ದು ಹೊಟ್ಟೆಯ ಭಾಗ ಕೊಯ್ದ ವಾರ. ಎಡಗಡೆ ವೃಷಣಕ್ಕೆ ರಕ್ತ ಒಯ್ಯುವ ನಾಳ ಒಂದಿರಬೇಕಾದಲ್ಲಿ ಎರಡಿದ್ದವು.

"ಸಾಮಾನ್ಯವಾಗಿ ಅದು ಹೊಟ್ಟೆಯ ದೊಡ್ಡ ರಕ್ತನಾಳದಿಂದಲೇ ನೇರವಾಗಿ ಹೊರಡುತ್ತೆ. ಇವರಲ್ಲಿ ಎರಡನೇದು ಕಿಡ್ನಿಯ ನಾಳದಿಂದ ಕವಲೊಡೆದಿದೆ" ಎಂದು ಪ್ರೊಫೆಸರ್ ರೇಣುಕಾ ವಿವರಿಸುತ್ತಾರೆ. "ಕಿಡ್ನಿ ತೆಗೆಯುವಾಗ ಇದನ್ನು ಗಮನಿಸದೆ ಕಟ್ಟಿಬಿಟ್ಟರೆ ವೃಷಣ ಸೊರಗಬಹುದು. ವೃಷಣದ ಮೇಲೆ ಉಬ್ಬಿದ ನರ ಕಟ್ಟುವ ಆಪರೇಷನ್ನಿನಲ್ಲೂ ಅಷ್ಟೇ, ನಾಳ ಒಂದೇ ಅಂತ ನಂಬಿ ಕೂರುವ ಹಾಗಿಲ್ಲ. ಪುಸ್ತಕದ ಚಿತ್ರದ ಹಾಗೆ ಎಲ್ಲರ ದೇಹ ಇರಲ್ಲ."

ಆ ಭಾಗವನ್ನು ಕಿಡ್ನಿಯ ಸಮೇತ ಜಾಡಿಯಲ್ಲಿಟ್ಟು ಮ್ಯೂಸಿಯಂಗೆ ಸೇರಿಸಬೇಕೆಂದು ಅವರ ಆಸೆ. ಮನೆಯವರ ಸಹಿ ಇದೆ, ಮತ್ತೆ ಕೇಳಬೇಕಿಲ್ಲ ಎಂದರು. ದುರುಗಕ್ಕ ಬಕೆಟ್ ಹಿಡಿದು ನಿಂತೇ ಇದ್ದರು. "ಮೇಡಂ, ಸಹಿ ನಿಮಗೆ ಕೊಟ್ಟಿದ್ದು. ಮಾತು ನಾನು ಕೊಟ್ಟಿದ್ದು."

ಸೋಮವಾರದವರೆಗೆ ಟೈಮ್ ಸಿಕ್ಕಿತು. ಭಾನುವಾರ ದುರುಗಕ್ಕ ಅನ್ನಪೂರ್ಣಮ್ಮನನ್ನೇ ಕೇಳಲು ಮಾಡದಕೆರೆಗೆಂದು ಹೊಸದುರ್ಗದ ಬಸ್ ಹತ್ತಿದರು.

ಹೋದದ್ದೇನೋ ಹೋದರು, ಹೇಳುವುದು ಹೇಗೆ? ಜಗಲಿಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ತಲೆ ತಗ್ಗಿಸಿಕೊಂಡೇ ಶುರು ಮಾಡಿದರು. "ಯಜಮಾನ್ರ ಬೀಜದ ವಿಚಾರ ಮಾತಾಡ್ಬೇಕಿತ್ತು."

"ಶೇಂಗಾ ಬೀಜಾನಾ? ಎಲ್ಲಾ ಮಾರಿಬಿಟ್ವಲ್ಲಮ್ಮ" ಎಂದರು ಅನ್ನಪೂರ್ಣಮ್ಮ.

ಆ ಬೀಜ ಅಲ್ಲ ಎಂದು ತಿಳಿಸುವ ಹೊತ್ತಿಗೆ ದುರುಗಕ್ಕ ಬೆವೆತುಹೋದರು. ನಾಳ ಎರಡಿರುವುದನ್ನು ಸೆರಗಿನ ಎರಡು ಎಳೆ ಹಿಡಿದು ತೋರಿಸಿದರು, ಅದನ್ನು ಜಾಡಿಯಲ್ಲಿಡಲು ಮೇಡಂ ಕೇಳುತ್ತಿದ್ದಾರೆ ಎಂದರು. ಅನ್ನಪೂರ್ಣಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ನಗುನಗುತ್ತಲೇ ಅತ್ತರು. "ಇಷ್ಟು ವರ್ಷ ಸಂಸಾರ ಮಾಡಿದೀನಿ, ನನಗೇ ಈ ಸುದ್ದಿ ಗೊತ್ತಿರ್ಲಿಲ್ಲ ನೋಡು!"

"ಬ್ಯಾಡ ಅಂದ್ರೂ ಸರಿ ಕಣ್ರಮ್ಮ, ಬಕೆಟ್‌ನಾಗೇ ಇಡ್ತೀನಿ."

"ಜಾಡಿಯಾಗೆ ಇಟ್ರೆ ಯಾರಿಗಾನ ಒಳ್ಳೇದಾಗ್ತೈತಾ?"

"ಅದ್ನ ನೋಡಿ ಕಲಿತೋರು ಕತ್ರಿ ಹಾಕೋಕೆ ಮುಂಚೆ ಇನ್ನೊಂದ್ಸಲ ಹುಡುಕಿ ನೋಡ್ತಾರಂತೆ."

ಅನ್ನಪೂರ್ಣಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಕೊನೆಗೆ, "ಹಂಗಾರೆ ಇಟ್ಕಳ್ರಿ. ಆದ್ರೆ ಇದು ದಾನ ಅಲ್ಲ, ಎರವಲು. ನನ್ನ ಮಣ್ಣು ಮಾಡೋ ದಿನ ತಂದು ನನ್ನ ಪಕ್ಕ ಇಡ್ಬೇಕು" ಎಂದರು.

ಪಕ್ಕದ ಮನೆಗೆ ಇಡ್ಲಿ ಪಾತ್ರೆ ಕೊಟ್ಟಷ್ಟು ಸಲೀಸಾಗಿ ಹೇಳಿದ ಆ ಷರತ್ತಿಗೆ ಪ್ರೊಫೆಸರ್ ಕೂಡ ಒಪ್ಪಿದ್ದಾರೆ. ಈಗ ಜಾಡಿ ಮ್ಯೂಸಿಯಂನ ಕಿಟಕಿ ಬದಿಯಲ್ಲಿದೆ. ಒಂದು ನಾಳಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಹಳದಿ ದಾರ.

ದುರುಗಕ್ಕನಿಗೆ ಮುಂದಿನ ವರ್ಷ ನಿವೃತ್ತಿ. ಅವರ ಆಸೆ ದೊಡ್ಡದೇನಲ್ಲ. "ಆಯಮ್ಮ ನೂರು ವರ್ಷ ಬಾಳ್ಲಿ. ನನ್ನ ಜಾಗಕ್ಕೆ ಬರೋರು ಯಾರೇ ಇರ್ಲಿ, ಈ ಜಾಡಿ ನಮ್ದಲ್ಲ ಅನ್ನೋದು ಮರೀಬಾರ್ದು."

ವಿದ್ಯಾರ್ಥಿಗಳು ಬರುವ ಹೊತ್ತಾಯಿತು. ಹೋಗುವ ಮುನ್ನ ಅವರು ಒದ್ದೆ ಬಟ್ಟೆಯಿಂದ ಆ ಜಾಡಿಯನ್ನು ಸುತ್ತಲೂ ಒರೆಸುತ್ತಾರೆ. ದಿನಾ ಒರೆಸುತ್ತೀರಾ ಎಂದರೆ, ಇದೂ ಒಂದು ಕೇಳುವ ಮಾತೇ ಎಂಬಂತೆ ನೋಡುತ್ತಾರೆ.

"ಇನ್ನೊಬ್ರ ಮನೆ ಸಾಮಾನು ರೀ. ಧೂಳು ಹಿಡಿಸಿ ವಾಪಸ್ ಕೊಡಕಾಗ್ತೈತಾ?"