ಮೊದಲು ಚೀಟಿ, ಆಮೇಲೆ ಹನಿ

ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಆಕೆಗೆ ಚೀಟಿ ಅಕ್ಕ ಎಂದೇ ಹೆಸರು. ಗಾಜಿನ ನಳಿಕೆಗೆ ರಕ್ತದ ಹನಿ ಬೀಳುವ ಮೊದಲು ಅದರ ಮೇಲೆ ರೋಗಿಯ ಹೆಸರಿನ ಚೀಟಿ ಅಂಟಿರಬೇಕು. ಹತ್ತೊಂಬತ್ತು ವರ್ಷಗಳಲ್ಲಿ ಆಕೆ ಈ ಕ್ರಮವನ್ನು ಒಮ್ಮೆಯೂ ತಪ್ಪಿಸಿರಲಿಲ್ಲ. ಮನೆಯಲ್ಲೂ ಉಪ್ಪಿನ ಡಬ್ಬಿಗೊಂದು, ಸಕ್ಕರೆ ಡಬ್ಬಿಗೊಂದು ಚೀಟಿ.

"ನಂಗೂ ಒಂದು ಅಂಟಿಸಿಬಿಡು, ಅತ್ತೆ ಅಂತ. ಮರ್ತುಬಿಟ್ಟೀಯ," ಎನ್ನುತ್ತಿದ್ದರು ಅತ್ತೆ.

ಆಕೆಗೆ ಚೆಸ್ ಕಲಿಸಿದವರೂ ಅತ್ತೆಯೇ. ಸೊಸೆಯ ಆಟದ ಬಗ್ಗೆ ಅವರದು ಒಂದೇ ದೂರು. "ತಪ್ಪು ಮಾಡಿ ಸೋಲಲ್ಲ ನೀನು. ಬರೀ ತಡ್ಕೊಂಡು ತಡ್ಕೊಂಡು ಸೋಲ್ತೀಯ. ಸೂರು ಸೋರೋ ಕಡೆಗೆಲ್ಲ ಪಾತ್ರೆ ಇಟ್ಬಿಟ್ರೆ ಒಲೆ ಮೇಲೆ ಇಡೋಕೆ ಪಾತ್ರೆ ಎಲ್ಲಿಂದ ತರ್ತೀಯೆ?"

ಆಸ್ಪತ್ರೆಯ ಚೆಸ್ ತಂಡದಲ್ಲಿ ನಾಲ್ವರು ಆಡುವವರು, ಐದನೆಯವಳು ಈಕೆ. ಹನ್ನೊಂದು ವರ್ಷ ಊಟಕ್ಕಿಲ್ಲದ ಉಪ್ಪಿನಕಾಯಿಯ ಹಾಗೆ ಕುರ್ಚಿಯಲ್ಲಿ ಕುಳಿತು ನೋಡಿದ್ದಳು. ಆ ಭಾನುವಾರ ನಾಲ್ಕನೆಯವರಿಗೆ ಜ್ವರ ಬಂತು. ಅಂಚೆ ಕಚೇರಿಯ ತಂಡದೊಂದಿಗೆ ಕೊನೆಯ ಪಂದ್ಯ. ಸೋತರೆ ಕೆಳಗಿನ ವಿಭಾಗಕ್ಕೆ ಇಳಿಯಬೇಕು. ಅಲ್ಲಿ ತಂಡಕ್ಕೆ ನಾಲ್ಕೇ ಜನ. ಆಕೆಗೆ ಆ ಕುರ್ಚಿಯೂ ಉಳಿಯುವುದಿಲ್ಲ.

ಸಂಜೆ ನಾಲ್ಕರ ಹೊತ್ತಿಗೆ ಉಳಿದ ಮೂರು ಆಟ ಮುಗಿದಿದ್ದವು: ಒಂದು ಗೆಲುವು, ಒಂದು ಸೋಲು, ಒಂದು ಡ್ರಾ. ಆಕೆಗೆ ಅರ್ಧ ಅಂಕ ಸಿಕ್ಕರೆ ಪಂದ್ಯ ಸಮ, ತಂಡ ಉಳಿಯುತ್ತದೆ. ತಂಡದ ನಾಯಕ, ಎಕ್ಸ್‌ರೇ ಕೋಣೆಯವನು, ಕಿಟಕಿಯ ಬಳಿ ನಿಂತು ಉಗುರು ಕಚ್ಚುತ್ತಿದ್ದ.

ಆಕೆಯ ಎದುರಿಗಿದ್ದವರು ಕಾಗದ ವಿಂಗಡಿಸುವ ಹಿರಿಯರು. ಆಟ ಶುರುವಾದ ಅರ್ಧ ಗಂಟೆಗೆ ತೀರ್ಪುಗಾರ ಆಕೆಯ ಮೇಜಿನ ಬಳಿ ಬಗ್ಗಿದ್ದ.

"ಅಮ್ಮಾ, ಕಾಯಿ ನಡೆಸಿ ಆಮೇಲೆ ಹಾಳೆ ಮೇಲೆ ಬರೀಬೇಕು. ನೀವು ಬರೆದು ನಡೆಸ್ತಿದೀರ."

ನಡೆಯನ್ನು ಮೊದಲೇ ಬರೆಯುವುದು ನಿಯಮಕ್ಕೆ ವಿರುದ್ಧ ಎಂದು ಆಕೆ ಓದಿದ್ದಳು. ಆದರೆ ಕೈ ಓದಿರಲಿಲ್ಲ. ಇನ್ನೊಮ್ಮೆ ಹಾಗೇ ಆಯಿತು. ತೀರ್ಪುಗಾರ ಎದುರಾಳಿಯ ಗಡಿಯಾರಕ್ಕೆ ಎರಡು ನಿಮಿಷ ಸೇರಿಸಿದ. ಆಮೇಲೆ ಪ್ರತಿ ನಡೆಗೂ ಆಕೆ ಎಡಗೈಯಿಂದ ಪೆನ್ನನ್ನು ಒತ್ತಿ ಹಿಡಿದು ಬಲಗೈಯಿಂದ ಕಾಯಿ ಎತ್ತತೊಡಗಿದಳು. ಚೀಟಿಯಿಲ್ಲದ ನಳಿಕೆಗೆ ರಕ್ತ ಸುರಿದಷ್ಟು ದಿಗಿಲು. ಅದರಲ್ಲೇ ಸಮಯ ಸೋರಿಹೋಯಿತು.

ಈಗ ಆಕೆಗೆ ಆರು ನಿಮಿಷ ಉಳಿದಿತ್ತು. ಹಲಗೆಯ ಮೇಲೆ ಇಬ್ಬರಿಗೂ ಒಂದೊಂದು ಆನೆ, ಕೆಲವು ಕಾಲಾಳು. ಹಿರಿಯರ ಆನೆಯೂ ರಾಜನೂ ಸೇರಿ ಆಕೆಯ ರಾಜನ ಮುಂದಿದ್ದ ಎರಡು ಕಾಲಾಳುಗಳನ್ನು ಗುರಿ ಮಾಡಿದ್ದವು. ಆಕೆಯ ಆನೆ ಅವುಗಳ ಕಾವಲಿಗೆ ನಿಂತಿತ್ತು. ಹಾಗೇ ನಿಂತರೆ ಹತ್ತು ನಡೆಯೊಳಗೆ ಸೋಲು. ಮೂರು ಸಲ ಲೆಕ್ಕ ಹಾಕಿದಳು, ಮೂರು ಸಲವೂ ಅದೇ ಉತ್ತರ.

ದೂರದ ಅಂಚಿನಲ್ಲಿ ಇನ್ನೊಂದು ಕಾಲಾಳಿತ್ತು. ಅದರ ಮುಂದಾಗಲಿ ಪಕ್ಕದ ಸಾಲಿನಲ್ಲಾಗಲಿ ತಡೆಯಲು ಎದುರಾಳಿಯ ಒಂದು ಕಾಲಾಳೂ ಇಲ್ಲ. ಕೊನೆಯ ಮನೆಗೆ ನಾಲ್ಕು ಹೆಜ್ಜೆ. ಮುಟ್ಟಿದರೆ ರಾಣಿ. ಆದರೆ ಅದನ್ನು ಓಡಿಸಲು ಆನೆ ಕಾವಲು ಬಿಟ್ಟು ಅದರ ಬೆನ್ನಿಗೆ ಹೋಗಬೇಕು.

ಸೋರುವ ಕಡೆ ಇಟ್ಟ ಪಾತ್ರೆಯನ್ನು ಎತ್ತಬೇಕು.

ಗಡಿಯಾರ ಐದು ನಿಮಿಷಕ್ಕಿಂತ ಕೆಳಗಿಳಿಯಿತು. ಅಲ್ಲಿಂದ ಮುಂದೆ ನಡೆ ಬರೆಯಬೇಕಾಗಿಲ್ಲ, ಅದೂ ನಿಯಮವೇ. ಆಕೆ ಪೆನ್ನಿಗೆ ಮುಚ್ಚಳ ಹಾಕಿದಳು. ಆನೆಯನ್ನು ಅಂಚಿಗೆ ಸರಿಸಿದಳು.

ಕಿಟಕಿಯ ಬಳಿ ನಾಯಕ ಕಣ್ಣು ಮುಚ್ಚಿಕೊಂಡ.

ಹಿರಿಯರು ಒಂದು ಕಾಲಾಳನ್ನು ತಿಂದರು. ಆಕೆ ಅಂಚಿನದನ್ನು ತಳ್ಳಿದಳು. ಇನ್ನೊಂದನ್ನೂ ತಿಂದರು. ಮತ್ತೆ ತಳ್ಳಿದಳು. ಕಾಲಾಳು ಗೆರೆಯ ಮೇಲೆ ನಿಂತಿತು, ಸರಿಪಡಿಸಿದಳು. ಹಿರಿಯರ ಕೈ ಮೊದಲ ಬಾರಿಗೆ ಗಾಳಿಯಲ್ಲಿ ತಡೆಯಿತು. ಅವರ ಆನೆ ದಾಳಿ ಬಿಟ್ಟು ಹಿಂದಕ್ಕೆ ಓಡಿತು. ಕಾಲಾಳು ರಾಣಿಯಾದ ಕೂಡಲೇ ಅದನ್ನು ತಿಂದಿತು, ಆಕೆಯ ಆನೆಯ ಬಾಯಿಗೆ ಬಿದ್ದು ತಾನೂ ಸತ್ತಿತು. ಅಷ್ಟರಲ್ಲಿ ಅವರ ಉಳಿದ ಒಂದೇ ಕಾಲಾಳು ರಾಜನ ಕೈ ಹಿಡಿದು ಕೊನೆಯ ಮನೆಯ ಹೊಸ್ತಿಲಿಗೆ ಬಂದಿತ್ತು. ಅದನ್ನು ತಿನ್ನಲು ಆಕೆ ತನ್ನ ಆನೆಯನ್ನೇ ಕೊಟ್ಟಳು. ಉಳಿದವರು ಇಬ್ಬರು ರಾಜರು, ಆಟ ಡ್ರಾ. ಆಕೆಯ ಗಡಿಯಾರದಲ್ಲಿ ಹನ್ನೊಂದು ಸೆಕೆಂಡ್.

"ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ," ಎಂದು ಹಿರಿಯರು ಕೈ ಚಾಚಿದರು.

ನಾಯಕ ಓಡಿ ಬಂದ. "ಅಕ್ಕಾ, ಉಳ್ಕೊಂಡ್ವಿ. ನನ್ನ ಉಗುರು ಮಾತ್ರ ಉಳೀಲಿಲ್ಲ. ಏಳಿ, ಚಹಾ ಕುಡಿಯೋಣ."

"ಒಂದು ನಿಮಿಷ ಇರೋ." ಆಕೆ ಪೆನ್ನಿನ ಮುಚ್ಚಳ ತೆಗೆದು, ಬರೆಯದೆ ಬಿಟ್ಟ ನಡೆಗಳನ್ನು ಒಂದೊಂದಾಗಿ ತುಂಬತೊಡಗಿದಳು. ಒಂದು ಕಡೆ ಕೈ ನಿಂತಿತು. "ಸಾರ್, ಎರಡನೇ ಕಾಲಾಳು ತಿಂದ್ಮೇಲೆ ನೀವೇನು ನಡೆಸಿದ್ರಿ?"

"ಆನೇನ ವಾಪಸ್ ಕರ್ಕೊಂಡೆ ಕಣಮ್ಮ," ಎಂದರು ಹಿರಿಯರು. "ನಿಮ್ಮ ಪುಟ್ಟದಕ್ಕೆ ಹೆದರಿಕೊಂಡು."

ಆಕೆ ಅದನ್ನೂ ಬರೆದುಕೊಂಡಳು.