ಎದುರುಮನೆಯ ಲಾವಾರಸ

ಮೊನ್ನೆ ಸವಳಂಗ ರಸ್ತೆಯ ಹೊಸ ಅಂಗಡಿಯಲ್ಲಿ ಪಿಂಗಾಣಿ ಬಟ್ಟಲೊಂದನ್ನು ಕೈಗೆತ್ತಿಕೊಂಡೆ. ಕಪ್ಪು ಮೈ, ಒಳಗಿನಿಂದ ಇಣುಕುವ ಕೆಂಪು, ಮೇಲೆಲ್ಲ ಗುಳ್ಳೆ ಒಡೆದ ಕುಳಿಗಳು. ಬೆರಳಿಗೆ ಆ ತರಿ ತಾಗಿದ್ದೇ ತಡ, ವಿದ್ಯಾನಗರದ ನಮ್ಮ ಎದುರುಮನೆಯ ಅಕ್ಕ ನೆನಪಾದರು...

ಅಕ್ಕ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಚಿಕ್ಕವರಿದ್ದಾಗ ಸಂಜೆ ಹೊತ್ತು ಕಬ್ಬಿಣ ಕರಗಿಸಿ ಉಳಿದ ಕಿಟ್ಟವನ್ನು ಕೆಂಪಗೆ ಸುರಿಯುವುದನ್ನು ನೋಡುತ್ತ ನಿಂತರೆ ಊಟವೂ ಬೇಡವಾಗುತ್ತಿತ್ತಂತೆ. ಆ ಕೆಂಪನ್ನು, ಲಾವಾರಸ ಹರಿದು ಹೆಪ್ಪುಗಟ್ಟಿದ ಹಾಗೆ, ಬಟ್ಟಲುಗಳ ಮೇಲೆ ತರಬೇಕೆಂಬುದು ಅವರ ಹುಚ್ಚು. ಕಾರ್ ಶೆಡ್ಡಿನಲ್ಲಿ ಅವನ್ನು ಸುಡಲು ಕರೆಂಟಿನ ಗೂಡೊಂದನ್ನು ಇಟ್ಟುಕೊಂಡಿದ್ದರು. ಬಳಿಯುವ ಬಣ್ಣಕ್ಕೆ ಸಾಣೆ ಹಿಡಿಯುವ ಪುಡಿ ಬೆರೆಸಿದರೆ ಕಾವಿಗೆ ಗುಳ್ಳೆ ಏಳುತ್ತಿತ್ತು. "ಒಳಗಿನ ಗಾಳಿ ಹೊರಗೆ ಬರೋಕೆ ಒದ್ದಾಡುತ್ತೆ ಕಣೆ. ದಾರಿ ಸಿಗ್ಲಿಲ್ಲ ಅಂದ್ರೆ ಒಡ್ಕೊಂಡು ಬರುತ್ತೆ" ಎನ್ನುತ್ತಿದ್ದರು. ಅವರ ಅತ್ತೆಯೋ, ಅಂಥದೊಂದು ಬಟ್ಟಲನ್ನು ಸೀದುಹೋದ ಪಾತ್ರೆಯೆಂದು ತಿಳಿದು ಕೈ ನೋಯುವವರೆಗೂ ತೆಂಗಿನ ನಾರಿನಲ್ಲಿ ತಿಕ್ಕಿದ್ದರು!

ಅತ್ತೆಗೆ ಮರೆವಿನ ಕಾಯಿಲೆ. ಸೊಸೆ ಕಣ್ಣೆದುರು ಇಲ್ಲದಿದ್ದರೆ ಕೂಗಾಟ. ಗಂಡ, ಮೈದುನ ಮನೆಯಲ್ಲೇ ಇದ್ದರೂ ಓಡಬೇಕಾದವರು ಅಕ್ಕನೇ. ಎಲೆ ಅಡಿಕೆ ಹಾಕಿ ಮುಗಿಸುವಷ್ಟರಲ್ಲಿ ಸಿಗುವ ತವರು ಭದ್ರಾವತಿಗೆ ಹೋಗಿಬರಲು ವರ್ಷಗಟ್ಟಲೆ ಆಗಿರಲಿಲ್ಲ.

ಉರಿಯುವ ಒಲೆ ಬಿಟ್ಟು ಏಳಬಾರದೆಂಬುದು ಆ ಮನೆಯ ಹಳೆಯ ನಿಯಮ. ಗೂಡಿಗೂ ಅದೇ ಅನ್ವಯವಾಯಿತು. ಗೂಡು ಬಿಸಿ ಇರುವಷ್ಟು ಹೊತ್ತು ಅಕ್ಕನನ್ನು ಯಾರೂ ಎಬ್ಬಿಸುವಂತಿರಲಿಲ್ಲ. ಒಂದು ಮಧ್ಯಾಹ್ನ ಮಾತಾಡುತ್ತ ನಾನು ಗೂಡಿಗೆ ಕೈಯೂರಿದೆ. ತಣ್ಣಗಿತ್ತು. ಅಕ್ಕ ಪಕ್ಕದ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಒಳಗಿಂದ ಅತ್ತೆ ಕೂಗಿದರು.

"ಇನ್ನೂ ಬಿಸಿ ಇದೆ ಅತ್ತೆ!" ಎಂದವರು ನನ್ನತ್ತ ಕಣ್ಣು ಮಿಟುಕಿಸಿದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ.

ಎಷ್ಟು ದಿನ ನಡೆದೀತು? ಒಂದು ದಿನ ಮೈದುನ ಫೋನಿನಲ್ಲಿ ಮಾತಾಡುತ್ತ ಗೂಡಿಗೆ ಬೆನ್ನು ಕೊಟ್ಟು ನಿಂತ... "ತಣ್ಣಗಿರೋ ಗೂಡಿಗೆ ಯಾತರ ಕಾವಲು ಅತ್ತಿಗೆ?" ಎಂದನಂತೆ. ಅದೇ ವಾರ ಗೂಡು ಯಾರದೋ ಟೆಂಪೋ ಹತ್ತಿತು. ಜಗಳ ಕೂಡ ಆಗಲಿಲ್ಲ.

ಟೆಂಪೋ ಹೋದ ಮೇಲೆ ಅಕ್ಕ ಗೇಟಿನ ಬಳಿ ನನ್ನನ್ನು ಕೇಳಿದರು: "ಇನ್ಮೇಲೆ ಅತ್ತೆ ಕೂಗಿದ್ರೆ ಏನಂತ ಹೇಳ್ಲಿ ಮಾರಾಯ್ತಿ?" ಅಷ್ಟರಲ್ಲಿ ಒಳಗಿಂದ ಕರೆ ಬಂತು, ಅವರು ಹೋದರು.

ಅಕ್ಕ ಹೋದ ವರ್ಷ ತೀರಿಕೊಂಡರು. ಅತ್ತೆ ಇದ್ದಾರೆ. ಸೊಸೆ ಇಲ್ಲವೆಂಬುದು ನೆನಪಿಲ್ಲದೆ ಈಗಲೂ ಕಿಟಕಿಯಲ್ಲಿ ಕೂತು ಅವರ ಹೆಸರನ್ನೇ ಕೂಗುತ್ತಾರೆ, ಯಾರೂ ಓಗೊಡುವುದಿಲ್ಲ. ಇವತ್ತೂ ಕೂಗಿದರು. ಕೂಗಲಿ, ಅಕ್ಕ ಇನ್ನು ಏಳಬೇಕಾಗಿಲ್ಲ ಎಂದು ನನಗೆ ಒಂದು ಕ್ಷಣ ಖುಷಿಯಾಯಿತು. ಖುಷಿಯಾಯಿತಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ.