ಕೂರಗೊಡದ ಕೋಟು

ಪೇಟೆ ಬೀದಿಯ ಟೈಲರಮ್ಮನ ಹತ್ತಿರ ಹೋಗಿ ಪ್ರಾಂತ್ಯದ ಸಂಸತ್ ಇತಿಹಾಸ ಕೇಳಿದಿರೋ, ನಿಮ್ಮ ಕಥೆ ಮುಗಿಯಿತು, ಸಂಜೆಯವರೆಗೆ ಬಿಡುವವಳಲ್ಲ. ಪ್ರಾಂತ್ಯ ದೇಶದೊಳಗೆ ಸೇರಿದ ಹೊಸತರಲ್ಲಿ ಇಲ್ಲಿಂದ ಮೂವರು ಸದಸ್ಯರು ರಾಜಧಾನಿಗೆ ಹೋಗುತ್ತಿದ್ದರು. ಮೂವರಿಗೂ ಕೋಟು ಹೊಲಿದವರು ಆಕೆಯ ಮಾವ. ಗಣಿ ಮುಚ್ಚಿ ಜನ ಗುಳೆ ಹೋದ ಮೇಲೆ ಎರಡೇ ಸ್ಥಾನ. ಆ ಎರಡು ಕೋಟು ಗಂಡನ ಪಾಲಿಗೆ ಬಂದವು. ಗಂಡ ತೀರಿಕೊಂಡು ಆಕೆ ಕತ್ತರಿ ಹಿಡಿಯುವಷ್ಟರಲ್ಲಿ ಸ್ಥಾನ ಒಂದಕ್ಕಿಳಿದಿತ್ತು. ಆದರೆ ಸದಸ್ಯರ ಹೊಟ್ಟೆ ಬೆಳೆಯುತ್ತಲೇ ಇದ್ದುದರಿಂದ ಬಟ್ಟೆ ಮಾತ್ರ ಅಷ್ಟೇನೂ ಉಳಿಯಲಿಲ್ಲ ಎನ್ನುವುದು ಆಕೆಯ ದೂರು.

ಮೊದಲ ಮೂವರಲ್ಲಿ ಒಬ್ಬರು ಹಟ ಹಿಡಿದು ನದಿಗೆ ಸೇತುವೆ ತಂದರು. ಇನ್ನೊಬ್ಬರು ಮಂತ್ರಿಯಾದ ಖುಷಿಗೆ ಹೊಸ ಕೋಟಿಗೆ ಅಳತೆ ಕೊಟ್ಟರು; ಗುಂಡಿ ಹೊಲಿಯುವಷ್ಟರಲ್ಲಿ ಸರ್ಕಾರವೇ ಬಿದ್ದಿತ್ತು. ಇಂಥವರನ್ನೆಲ್ಲ ನೋಡಿ ನೋಡಿ ಮಾವ ಅಂಗಡಿಯಲ್ಲೊಂದು ಪದ್ಧತಿ ಮಾಡಿದ್ದರು. ಸದಸ್ಯರ ಕೋಟಿನ ಟ್ರಯಲ್‌ಗೆ ಕನ್ನಡಿ ಮುಂದೆ ನಿಲ್ಲಿಸಿದರೆ ಸಾಲದು, ಕುರ್ಚಿಯಲ್ಲಿ ಕೂರಿಸಲೇಬೇಕು. ಅಲ್ಲಿ ಹೋಗಿ ಅವರು ಮಾಡುವುದು ಅದೇ ತಾನೆ! ಅದೂ ಅಲ್ಲದೆ ಸಂಸತ್ತಿನೊಳಗೆ ಕೋಟಿನ ಗುಂಡಿ ಬಿಚ್ಚುವಂತಿಲ್ಲ, ಕೂತಾಗ ಕೋಟು ಹೊಟ್ಟೆಗೆ ಬಿಗಿಯಾಗಿ ಹಿಡಿದರೆ ದೇವರೇ ಗತಿ.

ಉಳಿದಿದ್ದ ಆ ಒಂದೇ ಸ್ಥಾನದಲ್ಲಿ ಈಗ ಕೂತಿದ್ದವನು ಬೇರೆ ಯಾರೂ ಅಲ್ಲ, ಟೈಲರಮ್ಮನ ಒಡಹುಟ್ಟಿದ ತಮ್ಮ. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿಕೊಂಡಿದ್ದವನು. ಯಾರ ತಂಟೆಗೂ ಹೋಗದ ಮನುಷ್ಯ ಎಂದು ಜನ ಓಟು ಹಾಕಿದರು. ಆಸಾಮಿ ಸಂಸತ್ತಿನ ತಂಟೆಗೂ ಹೋಗಲಿಲ್ಲ. ನಾಲ್ಕು ವರ್ಷ ತುಟಿ ಪಿಟಕ್ಕೆನ್ನಲಿಲ್ಲ. ಪೇಟೆಯವರು ಬೆನ್ನ ಹಿಂದೆ ಮೂಗಬಸವ ಎಂದು ನಕ್ಕಾಗೆಲ್ಲ ಎತ್ತಿ ಆಡಿಸಿದ ಅಕ್ಕನ ಹೊಟ್ಟೆ ಉರಿಯುತ್ತಿತ್ತು.

ಅಷ್ಟರಲ್ಲಿ ಬಂತು ನೋಡಿ ಸುದ್ದಿ: ಜನ ಸಾಲದು, ಈ ಸ್ಥಾನವನ್ನೂ ಪಕ್ಕದ ಪ್ರಾಂತ್ಯಕ್ಕೆ ಸೇರಿಸುತ್ತಾರೆ. ಇನ್ನು ಇಲ್ಲಿಂದ ಯಾರೂ ಹೋಗುವಂತಿಲ್ಲ. ಈಗಲಾದರೂ ಬಾಯಿ ಬಿಡುತ್ತೀಯೇನೋ ಎಂದು ಆಕೆ ಕೇಳಿದರೆ ತಮ್ಮ "ನೋಡೋಣ ಅಕ್ಕ" ಅಂದ. ಅವನ ನೋಡೋಣ ಎಂದರೆ ಏನೆಂದು ಆಕೆಗೆ ಗೊತ್ತಿಲ್ಲವೇ? ಚಿಕ್ಕವನಿದ್ದಾಗ ಸ್ನಾನಕ್ಕೆ ಕರೆದರೂ ಅದನ್ನೇ ಹೇಳುತ್ತಿದ್ದ.

ಸರಿ, ಟೈಲರಮ್ಮ ಅವನಿಗೊಂದು ಹೊಸ ಕೋಟು ಕತ್ತರಿಸಿದಳು. ಹೊಟ್ಟೆಯ ಹತ್ತಿರ ಒಂದು ಬೆರಳು ಬಿಗಿ, ಒಳಗೆ ಗಟ್ಟಿ ಕ್ಯಾನ್ವಾಸು. ನಿಂತರೆ ಮದುಮಗ, ಕೂತರೆ ಮಾತ್ರ ಉಸಿರು ನಿಲ್ಲಬೇಕು. ಟ್ರಯಲ್ ದಿನ ಕುರ್ಚಿಯ ಮೇಲೆ ಬಟ್ಟೆಯ ರಾಶಿ ಹೇರಿಟ್ಟು, ನಿಲ್ಲಿಸಿಯೇ ನೋಡಿ ಕಳಿಸಿಬಿಟ್ಟಳು. ಕೂರಲಾಗದವನು ಏಳಲೇಬೇಕು, ಎದ್ದವನನ್ನು ಸಭಾಧ್ಯಕ್ಷರು ಕೇಳಲೇಬೇಕು. ಅಷ್ಟೇ ಆಕೆಯ ಉಪಾಯ.

ಚರ್ಚೆಯ ದಿನ ರೇಡಿಯೋ ಕೇಳಲು ಎದುರಂಗಡಿಯ ಚಪ್ಪಲಿಯವನೂ ಬಂದು ಕೂತ. ಸದಸ್ಯರು ಎದ್ದು ನಿಂತಿದ್ದಾರೆ, ಮಾತಾಡುವುದಿದೆಯೇ ಎಂದು ಸಭಾಧ್ಯಕ್ಷರು ಕೇಳಿದ್ದು ಕೇಳಿಸಿತು.  ಟೈಲರಮ್ಮ ರೇಡಿಯೋದ ಸದ್ದು ಏರಿಸಿದಳು. ಕೊನೆಗೂ ತಮ್ಮನ ದನಿ ಕೇಳಿತು.

"ನಮ್ಮ ಕಡೆ ಜನ ಕಡಿಮೆ ಆಗಿದಾರೆ, ನಿಜ. ಜಾಸ್ತಿ ಇರೋರ ಮಾತು ಹೇಗೂ ಕೇಳ್ಸುತ್ತೆ. ಕಡಿಮೆ ಇರೋರಿಗೇ ಅಲ್ವಾ ಇಲ್ಲೊಬ್ಬ ಬೇಕಾಗಿರೋದು?"

ಆಮೇಲೆ ನಿಲ್ಲಿಸಲೇ ಇಲ್ಲ ಮಹಾರಾಯ. ಮೊದಲ ಮೂವರನ್ನು ನೆನೆದ, ಸೇತುವೆಯ ಕಥೆ ಹೇಳಿದ, ಗಣಿ ಮುಚ್ಚಿದಾಗ ಯಾರೂ ತಿರುಗಿ ನೋಡಲಿಲ್ಲವೆಂದು ಜಗಳಕ್ಕೇ ನಿಂತ. ಸಮಯವಾಯಿತು, ಕುಳಿತುಕೊಳ್ಳಿ ಎಂದರೆ ಕೂರಲು ಆಗುವುದಿಲ್ಲ ಸ್ವಾಮಿ ಅಂದ. ಎಂಥ ಆವೇಶ ಎಂದುಕೊಂಡು ವಿರೋಧದವರೂ ಮೇಜು ಕುಟ್ಟಿದರು. ಟೈಲರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಮೇಜು ಕುಟ್ಟಿದವರು ಅವನ ಪರ ಮತ ಹಾಕಲಿಲ್ಲ. ಸ್ಥಾನ ಹೋಯಿತು.

ತಮ್ಮ ಊರಿಗೆ ಬಂದವನು ನೇರವಾಗಿ ಅಂಗಡಿಗೇ ಬಂದ. ಸೋತವನಿಗೆ ಸಮಾಧಾನ ಹೇಳಬೇಕೋ, ಕೋಟಿನ ವಿಷಯ ಎತ್ತಬೇಕೋ ತಿಳಿಯದೆ ಆಕೆ ಮೊದಲು ನೀರು ಕೊಟ್ಟಳು.

"ಚರ್ಚೆಯ ಹಿಂದಿನ ದಿನಾನೇ ಈ ಕೋಟು ಹಾಕ್ಕೊಂಡು ಕೂತು ನೋಡಿದ್ದೆ, ಅಕ್ಕ" ಅಂದ ಅವನು. "ಹಳೇ ಕೋಟೂ ಪೆಟ್ಟಿಗೇಲೇ ಇತ್ತು."

"ಮತ್ಯಾಕೋ ಇದನ್ನೇ ಹಾಕ್ಕೊಂಡು ಹೋದೆ?"

"ಹಳೇದು ಹಾಕ್ಕೊಂಡಿದ್ರೆ ಕೂತೇ ಬಿಡ್ತಿದ್ದೆ. ನನ್ನ ಮೇಲೆ ನಂಗೇ ನಂಬಿಕೆ ಇರ್ಲಿಲ್ಲ."

ಟೈಲರಮ್ಮನ ಕಣ್ಣು ತುಂಬಿತು. ಸ್ಥಾನ ಹೋದ ಸಂಕಟ ಒಂದು ಕಡೆ. ಕೊನೆಗೆ ಹೋದವನು ಮಾತಾಡಿಯೇ ಬಂದನಲ್ಲ ಎನ್ನುವ ಹೆಮ್ಮೆ ಇನ್ನೊಂದು ಕಡೆ. ಎರಡೂ ಸೇರಿ ಬೈಗುಳವಾಗಿ ಹೊರಬಂತು.

"ಇದನ್ನ ನಾಲ್ಕು ವರ್ಷದ ಹಿಂದೆ ಹೇಳೋಕೇನಾಗಿತ್ತೋ ನಿಂಗೆ? ಆಗಲೇ ಹೊಲಿದು ಕೊಡ್ತಿದ್ನಲ್ಲೋ."